ಮೆಟ್ಟಿಲ ಕೆಳಗಿನ ಸೈಟುಗಳು

"ನೀನು ನಿಶ್ಚಿಂತೆಯಾಗಿ ಹೋಗಿ ಬಾ ಕಣೇ! ಮೂರು ಮಕ್ಕಳನ್ನ ಸಾಕಿ ದೊಡ್ಡವರನ್ನ ಮಾಡಿದೋಳು ನಾನು. ಒಂದು ಪೆಟ್ಟಿಗೆ ನೋಡ್ಕೊಳ್ಳೋಕಾಗಲ್ವಾ?"

ಅತ್ತೆ ಹೀಗೆ ಎದೆ ತಟ್ಟಿಕೊಂಡದ್ದು ಬೆಳಗಿನ ಕಾಫಿಯ ಹೊತ್ತಿನಲ್ಲಿ. ಆ ಎದೆ ಝಲ್ಲೆಂದದ್ದು ಅದೇ ದಿನ ಮಧ್ಯಾಹ್ನ. ನಡುವೆ ಏನು ನಡೆಯಿತೆಂದು ತಿಳಿಯಬೇಕಾದರೆ ಮೊದಲು ಆ ಪೆಟ್ಟಿಗೆಯ ಮಹಿಮೆ ತಿಳಿಯಬೇಕು.

ಸೊಸೆ ಆಫೀಸು ಬಿಟ್ಟು ಮನೆಯಲ್ಲೇ ಸ್ವಂತ ಕೆಲಸ ಶುರುಮಾಡಿದ್ದಳು. ಏನು ಕೆಲಸವೆಂದು ಅತ್ತೆ ಕೇಳಿದಾಗ ಬಿಡಿಸಿ ಹೇಳಿದ್ದಳು.

"ಹೋಸ್ಟಿಂಗ್ ಅಂತಾರೆ ಅತ್ತೆ. ಅಂಗಡಿಯವರು, ಡಾಕ್ಟರು, ಎಲ್ಲರಿಗೂ ಇಂಟರ್ನೆಟ್ಟಲ್ಲಿ ಒಂದೊಂದು ಸೈಟು ಇರುತ್ತಲ್ಲ, ಆ ಸೈಟುಗಳಿಗೆ ಜಾಗ ಕೊಡೋದು."

"ಜಾಗ ಎಲ್ಲಿದೆಯೇ ನಮ್ಮ ಹತ್ರ?"

"ಮೆಟ್ಟಿಲ ಕೆಳಗಿನ ಕೋಣೇಲಿ!"

ಅತ್ತೆ ದಂಗಾಗಿಬಿಟ್ಟರು. ಸೈಟು ಎಂದರೆ ಅವರಿಗೆ ಗೊತ್ತಿದ್ದದ್ದು ಒಂದೇ: ಜನ್ಮವಿಡೀ ದುಡಿದು ಕೊಂಡು, ನಾಲ್ಕು ಮೂಲೆಗೆ ಕಲ್ಲು ನೆಟ್ಟು, ಪಕ್ಕದವನು ಒಂದು ಗೇಣು ಒತ್ತಿಕೊಂಡನೆಂದು ಸಾಯುವ ತನಕ ಜಗಳವಾಡುವ ನೆಲ! ಪೊರಕೆ, ಮುರಿದ ಛತ್ರಿ, ಒಂಟಿ ಚಪ್ಪಲಿಗಳು ಬಿದ್ದಿದ್ದ ಆ ಗೂಡಿನಲ್ಲಿ ಈಗ ಟೈಲರಿಗೊಂದು ಸೈಟು, ಹಲ್ಲಿನ ಡಾಕ್ಟರಿಗೊಂದು ಸೈಟು, ಡ್ರೈವಿಂಗ್ ಸ್ಕೂಲಿಗೊಂದು ಸೈಟು! ಡ್ರೈವಿಂಗ್ ಸ್ಕೂಲಿನವನು ಅಲ್ಲಿ ಕಾರು ಹೇಗೆ ತಿರುಗಿಸುತ್ತಾನೋ ದೇವರೇ ಬಲ್ಲ.

"ರೀ, ಅದನ್ನ ಸರ್ವರ್ ಅಂತಾರಂತೆ," ಎಂದು ಗಂಡನಿಗೆ ಹೇಳಿದರು.

ಮಾವ ರೈಲ್ವೆ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ನಿವೃತ್ತರಾದವರು. ನಿಲ್ದಾಣ ಅವರನ್ನು ಬಿಟ್ಟರೂ ಅವರು ಮೈಕನ್ನು ಬಿಟ್ಟಿರಲಿಲ್ಲ. ಉಪ್ಪು ಕೇಳುವಾಗಲೂ ಗಂಟಲು ಸರಿಮಾಡಿಕೊಂಡು, "ದಯವಿಟ್ಟು ಗಮನಿಸಿ," ಎಂದೇ ಆರಂಭ.

"ದಯವಿಟ್ಟು ಗಮನಿಸಿ. ಸರ್ವರ್ ಅಂದ್ರೆ ಹೋಟೆಲಲ್ಲಿ ತಟ್ಟೆ ತಂದಿಡೋನು."

"ಅದೇ ಮಾವ!" ಸೊಸೆ ನಕ್ಕಳು. "ಯಾರು ಏನು ಕೇಳ್ತಾರೋ ಅದನ್ನ ತಂದಿಡೋದೇ ಇದರ ಕೆಲಸ. ಬನ್ನಿ ಅತ್ತೆ, ನೋಡಿ. ಸಮುದ್ರದ ಆಚೆ ದೇಶದಲ್ಲಿ ಯಾರೋ ಈಗ ನಮ್ಮ ಟೈಲರ್ ಹೊಲಿದ ಕೋಟು ನೋಡ್ತಿದ್ದಾರೆ. ಅಲ್ಲಿ ಇನ್ನೂ ಬೆಳಗಾಗ್ತಿದೆ."

"ಈಗಲಾ? ನಮ್ಮ ಮೆಟ್ಟಿಲ ಕೆಳಗಾ?"

"ಹೂಂ. ಇವತ್ತು ಇನ್ನೂರು ಜನ ಬಂದು ಹೋದ್ರು."

ಅತ್ತೆ ಬಾಗಿಲ ಬಳಿಯ ಕಾಲೊರಸನ್ನು ನೋಡಿದರು. ಒಂದು ಹೆಜ್ಜೆಯ ಧೂಳಿಲ್ಲ! ಇನ್ನೂರು ಜನ ಬಂದು, ಕೋಟು ನೋಡಿ, ಹಲ್ಲಿನ ಕಥೆ ಕೇಳಿ, ಒಂದು ಲೋಟ ನೀರನ್ನೂ ಕೇಳದೆ ಹೋದರೆಂದರೆ! ಅಂದಿನಿಂದ ಅವರು ಮೆಟ್ಟಿಲ ಬಳಿ ಹಾದುಹೋಗುವಾಗ ದನಿ ತಗ್ಗಿಸತೊಡಗಿದರು. ಗಂಡನನ್ನು ಬೈಯುವುದಿದ್ದರೂ ಹಿತ್ತಿಲಿಗೆ ಕರೆದೊಯ್ದು ಬೈಯುತ್ತಿದ್ದರು. "ಮನೆ ತುಂಬ ಜನ ಇದ್ದಾರೆ ಕಣ್ರೀ, ಮರ್ಯಾದೆ ಬೇಡ್ವಾ?"

ಹೊಲಿಗೆ ಹಿಡಿದು ಆ ಕೋಣೆಯ ಮುಂದೆಯೇ ಕೂರುವುದು ರೂಢಿಯಾಯಿತು. ಕೂತು ಕೂತು ಪೆಟ್ಟಿಗೆಯ ದನಿಯೂ ಕಿವಿಗೆ ಒಗ್ಗಿತು. ಜನ ಕಡಿಮೆಯಿದ್ದರೆ ಜೇನುಹುಳದ ಗುಂಯ್. ಹೆಚ್ಚಿದ್ದರೆ ಒಳಗಿನ ಫ್ಯಾನು ಬುಸ್ಸೆನ್ನುತ್ತಿತ್ತು. ಅತ್ತೆಯ ಕಿವಿಗೆ ಮಾತ್ರ ಅದು ಪಾಪ, ಏದುಸಿರಿನಂತೆ ಕೇಳುತ್ತಿತ್ತು.

ಅಂದು ಸೊಸೆ ಈಜು ಕ್ಲಬ್ಬುಗಳ ಸಂಘದವರ ಮುಂದೆ ಹೋಗಬೇಕಿತ್ತು. ದೊಡ್ಡ ಪರದೆಯ ಮೇಲೆ ಅವರ ಹೊಸ ಸೈಟು ತೆರೆದು ತೋರಿಸಬೇಕು. ಒಪ್ಪಿದರೆ ಊರಿನ ಈಜು ಕ್ಲಬ್ಬುಗಳೆಲ್ಲ ಮೆಟ್ಟಿಲ ಕೆಳಗೆ! ಒಪ್ಪದಿದ್ದರೆ ಸೋಮವಾರದಿಂದ ಹಳೆಯ ಆಫೀಸಿನ ಅದೇ ಕುರ್ಚಿ, ಅದೇ ಮ್ಯಾನೇಜರು. ಆತ, "ಎಲ್ಲಿಗೆ ಹೋಗ್ತೀಯಮ್ಮ, ವಾಪಸ್ ಬಂದೇ ಬರ್ತೀಯ," ಎಂದು ಕುರ್ಚಿಯನ್ನು ಖಾಲಿಯೇ ಇಟ್ಟಿದ್ದನಂತೆ.

"ಎರಡೇ ಮಾತು ಅತ್ತೆ. ಪೆಟ್ಟಿಗೆ ಮುಟ್ಟಬೇಡಿ. ಕೋಣೆ ಬಿಸಿಯಾಗದ ಹಾಗೆ ನೋಡ್ಕೊಳ್ಳಿ. ಕಂಪನಿ ಫೋನ್ ಇಲ್ಲೇ ಇಟ್ಟಿರ್ತೀನಿ, ಯಾರಾದ್ರೂ ಮಾಡಿದ್ರೆ ಎತ್ತಿ."

ಮಧ್ಯಾಹ್ನದವರೆಗೆ ಜೇನುಹುಳ. ಊಟ ಮುಗಿಸಿ ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಇದ್ದಕ್ಕಿದ್ದಂತೆ ಒಳಗೆ ಭರ್ರ್! ವಿಮಾನ ಏಳುವಂಥ ಸದ್ದು!

"ರೀ! ಪೆಟ್ಟಿಗೆಗೆ ಮೇಲುಸಿರು ಬಂದಿದೆ!"

"ಮುಟ್ಟಬೇಡ ಅಂದಿದ್ದಾಳೆ ಕಣೇ."

"ಪೆಟ್ಟಿಗೆ ಮುಟ್ಟಬೇಡ ಅಂದಳು. ಬಿಸಿಯಾಗೋಕೆ ಬಿಡಬೇಡ ಅಂತಲೂ ಅಂದಳಲ್ಲ!"

ಹಾಲಿನ ದೊಡ್ಡ ಫ್ಯಾನನ್ನು ದರದರ ಎಳೆದು ತಂದರು. ಸಿಕ್ಕಿಸಲು ನೋಡಿದರೆ ಬೋರ್ಡಿನಲ್ಲಿ ಒಂದೂ ತೂತು ಖಾಲಿಯಿಲ್ಲ. ಪೆಟ್ಟಿಗೆಯ ಪಕ್ಕದಲ್ಲೊಂದು ಎರಡು ಕೊಂಬಿನ ಪುಟ್ಟ ಡಬ್ಬಿ ಕೂತಿತ್ತು. ಸದ್ದಿಲ್ಲ, ಗದ್ದಲವಿಲ್ಲ, ಸುಮ್ಮನೆ ಕಣ್ಣು ಮಿಟುಕಿಸುತ್ತಿತ್ತು. "ದುಡಿಯೋ ಎತ್ತಿನ ಪಕ್ಕ ಇದೊಂದು ಸೋಮಾರಿ," ಎಂದುಕೊಂಡು ಅದರ ಪ್ಲಗ್ಗು ಕಿತ್ತು ಫ್ಯಾನಿನದು ಸಿಕ್ಕಿಸಿದರು.

ಆಹಾ! ತಂಗಾಳಿ ಬೀಸಿದ್ದೇ ತಡ, ಪೆಟ್ಟಿಗೆಯ ಭೋರ್ಗರೆತ ನಿಂತು ಗುಂಯ್ ಎನ್ನತೊಡಗಿತು.

"ನೋಡಿದ್ರಾ ನನ್ನ ಕೈಗುಣ!"

"ಗಾಡಿ ಸುರಕ್ಷಿತವಾಗಿ ನಿಲ್ದಾಣ ತಲುಪಿದೆ," ಎಂದು ಮಾವ ಘೋಷಿಸಿದರು.

ಆಗ ಫೋನು ರಿಂಗಾಯಿತು. ಟೈಲರು.

"ಅಮ್ಮಾ, ನನ್ನ ಸೈಟು ಬಿದ್ದೋಗಿದೆ!"

"ಸೈಟು ಬೀಳುತ್ತೇನಪ್ಪಾ? ಕಟ್ಟಡ ಬೀಳಬಹುದು, ಕಾಂಪೌಂಡು ಬೀಳಬಹುದು. ನೆಲ ಎಲ್ಲಿಗೆ ಬೀಳುತ್ತೆ?"

ಈ ತತ್ತ್ವ ಕೇಳಿ ಟೈಲರು ಫೋನಿಟ್ಟ. ಇಟ್ಟ ಕೂಡಲೇ ಇನ್ನೊಂದು ಕರೆ. ಗಡಸು ದನಿ, ಹಿಂದೆ ಗುಜುಗುಜು.

"ಹೋಸ್ಟಿಂಗ್ ಕಂಪನೀನಾ?"

"ಹೌದು, ಹೇಳಿ."

"ನಮ್ಮ ಸೈಟು ಇಲ್ಲಿವರೆಗೆ ಚೆನ್ನಾಗಿತ್ತು, ಈಗ ಕಾಣ್ತಾನೇ ಇಲ್ಲ."

"ಹೆದರಬೇಡಿ, ಎಲ್ಲ ಒಳಗೇ ಇದೆ. ಪಾಪ, ಸುಸ್ತಾಗಿತ್ತು. ಈಗ ಗಾಳಿ ಹಾಕಿ ಮಲಗಿಸಿದೀನಿ."

"ಮಲಗಿಸಿದೀರಾ?"

"ನೀವೇ ಹೇಳಿ, ಅದಕ್ಕೂ ಜೀವ ಅಲ್ವಾ? ಬೆಳಗಿಂದ ಎಷ್ಟು ಜನಕ್ಕೆ ಅಂತ ತಂದಿಡುತ್ತೆ?"

ಅತ್ತ ಕಡೆ ನೂರು ಜನ ಒಟ್ಟಿಗೆ ನಕ್ಕಂಥ ಸದ್ದು. ಅದರ ನಡುವೆ ಚೀರಿದಂತೆ ಒಂದು ಪರಿಚಿತ ದನಿ: "ಅತ್ತೇ! ನಾನು! ಇವರು ಸಂಘದ ಅಧ್ಯಕ್ಷರು! ತೊಂದರೆ ಆದಾಗ ಕಂಪನೀಲಿ ಯಾರು ಫೋನ್ ಎತ್ತುತ್ತಾರೆ ನೋಡೋಣ ಅಂತ ಅವರೇ ಮಾಡಿದ್ರು. ನೀವು ಆಡಿದ್ದೆಲ್ಲ ಸ್ಪೀಕರಲ್ಲಿ ಇಡೀ ಸಭೆಗೆ ಕೇಳಿಸ್ತಿದೆ! ಯಾವ ಪ್ಲಗ್ ಕಿತ್ತಿರಿ?"

ಅತ್ತೆ ಬೋರ್ಡಿನ ಕಡೆ ತಿರುಗಿದರು.

"ಪೆಟ್ಟಿಗೆ ಮುಟ್ಟಿಲ್ಲ ಕಣೇ... ಆ ಕೊಂಬಿನ ಡಬ್ಬಿ..."

"ಅಯ್ಯೋ! ಅದೇ ಬಾಗಿಲು ಅತ್ತೆ! ಬರೋರೆಲ್ಲ ಅದರಿಂದಾನೇ ಒಳಗೆ ಬರೋದು! ಈಜುಗಾರರ ಮುಂದೇನೇ ನನ್ನನ್ನ ಮುಳುಗಿಸಿಬಿಟ್ರಲ್ಲ!"

ಅತ್ತೆ ಗಡಿಬಿಡಿಯಲ್ಲಿ ಫ್ಯಾನಿನ ಪ್ಲಗ್ಗು ಕಿತ್ತು ಡಬ್ಬಿಯದು ಸಿಕ್ಕಿಸಿದರು. ಅದು ಕಣ್ಣು ತೆರೆಯಲು ಒಲ್ಲದು! "ಎರಡು ನಿಮಿಷ ಹಿಡಿಯುತ್ತೆ," ಎಂದಿತು ಸೊಸೆಯ ಸೋತ ದನಿ. ಆ ಕುರ್ಚಿ, ಆ ಮ್ಯಾನೇಜರು ಅತ್ತೆಯ ಕಣ್ಣ ಮುಂದೆ ಬಂದು ಕೂತರು.

ಆಗ ಮಾವ ಎದ್ದರು. ಫೋನು ಇಸಿದುಕೊಂಡರು. ಗಂಟಲು ಸರಿಮಾಡಿಕೊಂಡರು.

"ಪ್ರಯಾಣಿಕರ ಗಮನಕ್ಕೆ! ಕಾರಣಾಂತರಗಳಿಂದ ತಡವಾಗಿರುವ ಈಜು ಸಂಘದ ಸೈಟು ಇನ್ನು ಕೆಲವೇ ಕ್ಷಣಗಳಲ್ಲಿ ನಿಮ್ಮ ಪರದೆಗೆ ಆಗಮಿಸಲಿದೆ. ಪ್ರಯಾಣಿಕರು ತಂತಮ್ಮ ಆಸನಗಳಲ್ಲೇ ಕುಳಿತಿರಬೇಕಾಗಿ ವಿನಂತಿ. ನಿಮಗಾದ ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ!"

ಮಾತು ಮುಗಿಯಿತು. ಡಬ್ಬಿ ಕಣ್ಣು ಮಿಟುಕಿಸಿತು. ಮರುಗಳಿಗೆ ಪೆಟ್ಟಿಗೆಯೊಳಗೆ ಭರ್ರ್! ಫೋನಿನಲ್ಲಿ ಚಪ್ಪಾಳೆಯ ಮಳೆ.

"ಕೇಳಿಸ್ತಾ ಅತ್ತೆ?" ಸೊಸೆಯ ದನಿ ಈಗ ನಗುತ್ತಿತ್ತು. "ಆಗಲೂ ಅದಕ್ಕೆ ಸುಸ್ತಾಗಿರಲಿಲ್ಲ. ಸಭೆಯೋರೆಲ್ಲ ಒಟ್ಟಿಗೇ ಫೋನಲ್ಲಿ ಸೈಟು ತೆರೆದಿದ್ರು. ಅಷ್ಟೂ ಜನ ನಮ್ಮ ಮನೆಗೆ ಬಂದ ಸದ್ದು ಅದು!"

ಅತ್ತೆ ಡಬ್ಬಿಯತ್ತ ಬಗ್ಗಿ ನೋಡಿದರು. ನೂರು ಜನ! ಈ ಅಂಗೈಯಗಲದ ಕೊಂಬಿನ ಡಬ್ಬಿಯೊಳಗಿಂದ ಒಬ್ಬರಿಗೊಬ್ಬರು ಭುಜ ತಾಗಿಸದೆ ಹಾದು ಬಂದಿದ್ದರು! ತಾನು ಮನೆತುಂಬ ಬಂದವರ ಮುಖಕ್ಕೆ ಬಾಗಿಲು ಬಡಿದು, ಒಳಗೆ ಕೂತು ಗಾಳಿ ಹಾಕಿಕೊಂಡ ಹಾಗಾಯಿತಲ್ಲ! ಎರಡೂ ಕೈ ತಾವಾಗಿಯೇ ಮುಗಿದುಕೊಂಡವು. "ಬನ್ನಿ, ಬನ್ನಿ, ತಪ್ಪು ತಿಳೀಬೇಡಿ," ಎಂದರು ಡಬ್ಬಿಗೆ.

ಸಂಜೆ ಸೊಸೆ ಬಂದಳು.

"ಒಪ್ಪಿದ್ರು ಅತ್ತೆ! ಬೇರೆ ಕಂಪನಿಗೆ ಫೋನ್ ಮಾಡಿದ್ರೆ ಬರೀ ಸಂಗೀತ ಕೇಳಿಸುತ್ತಂತೆ. ಇಲ್ಲಿ ಮನುಷ್ಯರು ಎತ್ತುತ್ತಾರೆ ಅಂತ ಅಧ್ಯಕ್ಷರಿಗೆ ಖುಷಿಯೋ ಖುಷಿ. ಫೋನಿಗೆ ನೀವೇ ಇರ್ಬೇಕಂತೆ. ಪ್ರಕಟಣೆಗೆ ಮಾವ."

ಅತ್ತೆಯ ಎದೆ ಮತ್ತೆ ಉಬ್ಬಿತು. "ನಾನು ಹೇಳಲಿಲ್ವಾ? ಮೂರು ಮಕ್ಕಳನ್ನ ಸಾಕಿದೋಳು ನಾನು!"

"ಅದಕ್ಕೇ ನಿಮಗೆ ಅಂತಾನೇ ಒಂದು ಉಡುಗೊರೆ ತಂದಿದೀನಿ."

ಸೊಸೆ ಬ್ಯಾಗಿನಿಂದ ಬಣ್ಣದ ಕಾಗದದ ಪೊಟ್ಟಣ ತೆಗೆದು ಕೈಗಿತ್ತಳು. ಪುಟ್ಟದಾದರೂ ಒಳ್ಳೆ ತೂಕ! ಅತ್ತೆ ಗಂಡನ ಕಡೆ ಗತ್ತಿನಿಂದ ನೋಡಿ ಬಿಚ್ಚಿದರು. ಹೊಚ್ಚ ಹೊಸ ಬೀಗ. ಮೆಟ್ಟಿಲ ಕೆಳಗಿನ ಬಾಗಿಲಿಗೆ ಹೇಳಿ ಮಾಡಿಸಿದಂತಿತ್ತು.

ಪೊಟ್ಟಣವನ್ನು ತಲೆಕೆಳಗು ಮಾಡಿ ಕೊಡವಿದರು.

"ಬೀಗದ ಕೈ ಎಲ್ಲೇ?"

"ಅದು ನನ್ನ ಹತ್ರಾನೇ ಇರುತ್ತೆ ಅತ್ತೆ."