ಉಜ್ಜಬೇಡಿ, ಉಜ್ಜಿಬಿಡಿ

ಕೂರಲು ಜಾಗವಿಲ್ಲದವರ ಕಷ್ಟ ಎಲ್ಲರಿಗೂ ಗೊತ್ತು. ಬಸ್ಸಿನಲ್ಲಿ ಕಂಬಿ ಹಿಡಿದು ನೇತಾಡುವವರನ್ನು ಕಂಡರೆ ಯಾರಿಗಾದರೂ ಅಯ್ಯೋ ಅನ್ನಿಸುತ್ತದೆ. ಆದರೆ ಮೆತ್ತನೆಯ, ಅಗಲವಾದ, ಕಾಲು ಚಾಚಿ ಮಲಗಬಹುದಾದಂಥ ಸೀಟುಗಳು ಮೂರೂ ಕಡೆ ಇದ್ದು, ಅವುಗಳ ಮಧ್ಯೆ ಬೆನ್ನು ಬಗ್ಗಿಸಿ ನಿಂತೇ ಮೂರು ದಿನ ಪ್ರವಾಸ ಮುಗಿಸಿದ ಗಂಡಸನ್ನು ನೀವು ನೋಡಿದ್ದೀರಾ? ನೋಡಿಲ್ಲದಿದ್ದರೆ ಈಗ ನೋಡಿ, ಆ ಮಹಾನುಭಾವ ನಾನೇ. ಗಾಡಿ ಓಡಿಸುವಾಗ ಮತ್ತು ರಾತ್ರಿ ತೂಕಡಿಸುವಾಗ ಮಾತ್ರ ಡ್ರೈವರ್ ಸೀಟಿನಲ್ಲಿ ಕೂರಲು ಅಪ್ಪಣೆಯಿತ್ತು. ಡ್ರೈವರ್ ಸೀಟು ರೆಕ್ಸಿನ್ನಿನದು, ಒರೆಸಿದರೆ ಹೋಗುತ್ತದೆ ಎಂಬ ಕಾರಣಕ್ಕೆ. ಅದೂ ಬಟ್ಟೆಯದಾಗಿದ್ದರೆ ನಿಂತೇ ಓಡಿಸಿ ಎನ್ನುತ್ತಿದ್ದಳು ನನ್ನ ಹೆಂಡತಿ.

ಗಾಡಿ ನಮ್ಮದಲ್ಲ, ನನ್ನ ಷಡ್ಡಕರದು, ಅಂದರೆ ಹೆಂಡತಿಯ ಅಕ್ಕನ ಗಂಡನದು. ಎರಡು ವರ್ಷದ ಹಿಂದೆ ಅವರು ಯಾರಿಂದಲೋ ಒಂದು ಹಳೆಯ ಕ್ಯಾಂಪರ್ ವ್ಯಾನ್ ಕೊಂಡರು. ಮುಂದಿನಿಂದ ನೋಡಿದರೆ ಗಾಡಿ, ಒಳಗೆ ಹೊಕ್ಕರೆ ಮನೆ. ಒಂದು ಒಲೆ, ಒಂದು ಸಿಂಕು, ತಲೆಗೆ ಹೊಡೆಯಲೆಂದೇ ಮಾಡಿಸಿದಂಥ ನಾಲ್ಕು ಕಪಾಟು, ಮಧ್ಯೆ ಪುಟ್ಟ ಮೇಜು, ಅದರ ಸುತ್ತ ಬಟ್ಟೆಯ ಸೀಟುಗಳು. ಮೇಜನ್ನು ಕೆಳಗಿಳಿಸಿ ಸೀಟುಗಳನ್ನು ಎಳೆದು ಕೂಡಿಸಿದರೆ ಮೂರು ಜನಕ್ಕೆ ಹಾಸಿಗೆ. ಅಕ್ಕನಿಗೆ (ಹೆಂಡತಿ ಹಾಗೆ ಕರೆಯುತ್ತಾಳೆ, ಭಯಕ್ಕೆ ನಾನೂ ಹಾಗೇ ಕರೆಯುತ್ತೇನೆ) ಗಾಡಿಗಿಂತ ಆ ಸೀಟಿನ ಬೂದು ಬಣ್ಣದ ಮೇಲೆ ಜೀವ. ‘ಬೆಳಗಿನ ಮೋಡದ ಬಣ್ಣ’ ಎಂದು ಅದಕ್ಕೆ ನಾಮಕರಣವನ್ನೂ ಮಾಡಿದ್ದರು. ಅದಕ್ಕೆ ಹೊಂದುವ ಬೂದು ಪರದೆ, ಬೂದು ದಿಂಬಿನ ಚೀಲ, ಬೂದು ಕಾಲೊರಸು ಎಲ್ಲವನ್ನೂ ತಾವೇ ಅಂಗಡಿ ಅಂಗಡಿ ಅಲೆದು ಹುಡುಕಿ ತಂದಿದ್ದರು.

ಇಂಥ ಗಾಡಿಯನ್ನು ಅಕ್ಕ ನಮಗೆ ಮೂರು ದಿನದ ಮಟ್ಟಿಗೆ ಕೊಟ್ಟದ್ದು ಒಂದು ಪರೀಕ್ಷೆ.

“ನೋಡೇ, ಕೊಟ್ಟ ಹಾಗೇ ವಾಪಸ್ ತಂದ್ರೆ ರಜೆಯಲ್ಲಿ ಹದಿನೈದು ದಿನ ನಿಮಗೇ ಕೊಡ್ತೀನಿ. ಸೀಟಿನ ಮೇಲೆ ಒಂದು ಚುಕ್ಕೆ ಕಂಡ್ರೂ ಮತ್ತೆ ಬೀಗದ ಕೈ ಕೇಳಬೇಡ” ಎಂದಿದ್ದರು.

ಆ ಹದಿನೈದು ದಿನವೆಂದರೆ ನನ್ನ ಹೆಂಡತಿಗೆ ಏನೆಂದು ನಿಮಗೆ ಹೇಳಲೇಬೇಕು. ಅವಳು ದಂತವೈದ್ಯರೊಬ್ಬರ ಬಳಿ ಸಹಾಯಕಿ. ಹಗಲೆಲ್ಲ ಊರಿನವರಿಗೆ “ಬಾಯಿ ತೆಗೀರಿ” ಎಂದು ಹೇಳಿ ಹೇಳಿ ಸಾಕಾಗಿ, ಮನೆಗೆ ಬಂದು ನನಗೆ “ಬಾಯಿ ಮುಚ್ಚಿ” ಎನ್ನುತ್ತಾಳೆ. ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು, ಅವಳು ನನ್ನಲ್ಲಿ ಬಾಯಿ ಬಿಟ್ಟು ಕೇಳಿದ್ದು ಒಂದೇ ಒಂದು. ಬೆಳಿಗ್ಗೆ ಕಣ್ಣು ಬಿಟ್ಟರೆ ಎದುರಿಗೇ ಸಮುದ್ರ ಕಾಣಬೇಕು, ಎದ್ದು ಹೋಗಿ ನೋಡುವುದಲ್ಲ, ಮಲಗಿದಲ್ಲೇ ಕಾಣಬೇಕು. ಈ ವ್ಯಾನಿನ ಹಿಂದಿನ ಬಾಗಿಲು ತೆರೆದರೆ ಅದು ಸಾಧ್ಯ ಎಂದು ಗೊತ್ತಾದ ದಿನದಿಂದ ಅವಳ ನಡಿಗೆಯೇ ಬದಲಾಗಿತ್ತು.

ಸರಿ, ಸೀಟುಗಳಿಗೆ ರಕ್ಷಾಕವಚ ಸಿದ್ಧವಾಯಿತು. ಮೊದಲು ಹಳೆಯ ಬೆಡ್‌ಶೀಟು, ಅದರ ಮೇಲೆ ದಪ್ಪನೆಯ ಪ್ಲಾಸ್ಟಿಕ್, ಅದರ ಮೇಲೆ ಟವೆಲ್ಲು, ನಾಲ್ಕೂ ಮೂಲೆಗೆ ಪಿನ್ನು. ಇಷ್ಟಾದರೂ ನನ್ನ ಮೇಲೆ ಅವಳಿಗೆ ನಂಬಿಕೆಯಿಲ್ಲ, ಹಾಗಾಗಿ ನಾನು ನಿಂತೆ. ಕೂತವರ ಸುಖವೂ ಅಷ್ಟಕ್ಕಷ್ಟೇ. ತಿರುವು ಬಂದಾಗಲೆಲ್ಲ ಕಾಲೇಜಿಗೆ ಹೋಗುವ ನಮ್ಮ ಮಗಳು ಪುಟ್ಟಿ ಪ್ಲಾಸ್ಟಿಕ್ಕಿನ ಮೇಲೆ ಬೆಲ್ಟಿನ ಸಮೇತ ಜರ್‍ರನೆ ಜಾರಿ ಕಿಟಕಿಗೆ ಅಂಟಿಕೊಳ್ಳುತ್ತಿದ್ದಳು. ಬಿಸ್ಕತ್ತು ತಿನ್ನಬೇಕಾದರೆ ಗಾಡಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ತಿನ್ನಬೇಕು. ಸಾಲಾಗಿ ಮೂರು ಕಿಟಕಿಯಲ್ಲಿ ಮೂರು ತಲೆ ಮೆಲುಕಾಡಿಸುವುದನ್ನು ಕಂಡು ದಾರಿಹೋಕರೊಬ್ಬರು ಪಾಪ ಎಂದು ನನಗೊಂದು ಬಾಳೆಹಣ್ಣು ಕೊಟ್ಟು ಹೋದರು.

ಹೀಗೆ ಎರಡು ದಿನ ಸುಸೂತ್ರವಾಗಿ ಕಳೆಯಿತು. ಮೂರನೆಯ ದಿನ ಬೆಳಿಗ್ಗೆ ಒಂದು ಕೆರೆಯ ಪಕ್ಕ ಗಾಡಿ ನಿಲ್ಲಿಸಿದ್ದೆವು. ಹೊರಡುವ ಮೊದಲು ಹೆಂಡತಿ ಹೊದಿಕೆಗಳನ್ನೆಲ್ಲ ಕಳಚಿ, ಕೊಡವಿ, ಮಡಚಿ ಚೀಲಕ್ಕೆ ತುಂಬಿದಳು. ಸೀಟುಗಳು ತಮ್ಮ ಮೋಡದ ಬಣ್ಣದಲ್ಲಿ ನಿಷ್ಕಳಂಕವಾಗಿ ಹೊರಬಂದವು.

“ರೀ, ನಾನೂ ಪುಟ್ಟೀನೂ ಕೆರೆ ಸುತ್ತ ಒಂದು ಸುತ್ತು ಹಾಕ್ಕೊಂಡು ಬರ್ತೀವಿ. ಅಲ್ಲೀವರೆಗೂ ಯಾವುದರ ಮೇಲೂ ಕೂರಬೇಡಿ.”

“ಮತ್ತೆ ಏನ್ ಮಾಡ್ಲೇ?”

“ನಿಂತ್ಕೊಳ್ಳಿ. ಮೂರು ದಿನದಿಂದ ಅಭ್ಯಾಸ ಆಗಿದೆಯಲ್ಲ!”

ಅವರು ಮರೆಯಾದರು. ನಾನು ಕಾಫಿ ಮಾಡಿಕೊಂಡೆ. ಲೋಟ ಹಿಡಿದು ನಿಂತೆ. ಸೀಟು ನನ್ನನ್ನು ನೋಡಿತು, ನಾನು ಸೀಟನ್ನು ನೋಡಿದೆ. ಐದೇ ನಿಮಿಷ ಎಂದುಕೊಂಡು ಕುಳಿತುಬಿಟ್ಟೆ. ಆಹಾ! ಮೂರು ದಿನದ ಸೊಂಟನೋವು ಕರಗಿ ಕಾಲಿನ ಬೆರಳುಗಳಿಂದ ಹೊರಗೆ ಹರಿದು ಹೋಯಿತು. ಸುಖ ಎಂದರೆ ಇಷ್ಟೇ, ಇದಕ್ಕಿಂತ ಹೆಚ್ಚಿನದು ಇದ್ದರೆ ನನಗೆ ಬೇಕಾಗಿಯೂ ಇಲ್ಲ ಎಂದು ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಸೀನು ಬಂತು. ಅದೂ ಒಂದಲ್ಲ, ಮೂರು. ಮೊದಲನೆಯದಕ್ಕೇ ಅರ್ಧ ಲೋಟ ಕಾಫಿ ಸೀಟಿನ ಮೇಲಿತ್ತು.

ಧಡಕ್ಕನೆ ಎದ್ದೆ. ಸಿಂಕಿನ ಕೆಳಗಿನ ಕಪಾಟು ತಡಕಾಡಿದಾಗ ಒಂದು ಬಾಟಲಿಯೂ ಒಂದು ಬ್ರಷ್ಷೂ ಸಿಕ್ಕಿದವು. ಹಿಂದಿನ ಮಾಲೀಕ ಬಿಟ್ಟುಹೋದ ಸೀಟು ತೊಳೆಯುವ ದ್ರವ, ಮುಚ್ಚಳದ ಸೀಲು ಕೂಡ ಒಡೆದಿರಲಿಲ್ಲ. ಕನ್ನಡಕ ಏರಿಸಿ ಲೇಬಲ್ ಓದತೊಡಗಿದೆ. ಇಲ್ಲಿ ನನ್ನ ಉದ್ಯೋಗದ ವಿಷಯ ಹೇಳಬೇಕು. ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಇಪ್ಪತ್ತೆರಡು ವರ್ಷದಿಂದ ಮುದ್ರಾರಾಕ್ಷಸನ ಜೊತೆ ಏಕಾಂಗಿಯಾಗಿ ಹೋರಾಡುತ್ತಿರುವ ಯೋಧ. ಔಷಧಿಯ ಚೀಟಿ ಸಿಕ್ಕರೂ ಮೊದಲು ಕಾಗುಣಿತ ತಿದ್ದಿ ಆಮೇಲೆ ಮಾತ್ರೆ ನುಂಗುವವನು.

ಲೇಬಲ್ಲಿನ ಮೊದಲ ಸಾಲು ಹೀಗಿತ್ತು: ‘ನಿಮ್ಮ ಆಸನಗಳ ಕಳೆ ತೆಗೆಯಲು ಉತ್ತಮ ಸಾಧನ.’ ರಾಮ ರಾಮ! ಕಲೆ ಹೋಗಿ ಕಳೆ ಆಗಿತ್ತು. ಇದ್ದ ಕಳೆಯನ್ನೂ ತೆಗೆಯುವುದಕ್ಕೆ ಯಾರಾದರೂ ಬಾಟಲಿ ಕೊಳ್ಳುತ್ತಾರೆಯೇ? ಜೇಬಿನಿಂದ ಕೆಂಪು ಪೆನ್ನು ತೆಗೆದು ತಿದ್ದಿದೆ. ಎರಡನೆಯ ಸಾಲು: ‘ಒಂದು ಮುಚ್ಚಳ ದ್ರವವನ್ನು ನೀರಿಗೆ ಹಾಕಿ ನೆರೆ ಬರುವವರೆಗೆ ಕಲಕಿ.’ ನೊರೆ ಬರುವವರೆಗೆ, ಸ್ವಾಮಿ, ನೊರೆ! (ನೆರೆ ಎಂದರೆ ಪ್ರವಾಹವೋ ಪಕ್ಕದ ಮನೆಯವರೋ, ಅದನ್ನಾದರೂ ಹೇಳಬೇಡವೇ?) ಅದನ್ನೂ ತಿದ್ದಿದೆ. ಮೂರನೆಯ ಸಾಲಿಗೆ ಬಂದೆ: ‘ಬ್ರಷ್ಷಿನಿಂದ ಜೋರಾಗಿ ಉಜ್ಜಬೇಡಿ.’

ಎರಡು ಸಾಲಿನಲ್ಲಿ ಎರಡು ತಪ್ಪು ಮಾಡಿದ ಪುಣ್ಯಾತ್ಮ ಮೂರನೆಯದರಲ್ಲಿ ಸುಮ್ಮನಿರುತ್ತಾನೆಯೇ? ಉಜ್ಜದೆ ಕಲೆ ಹೋಗುವುದಾದರೂ ಹೇಗೆ? ಎರಡು ಗುಣಿತಾಕ್ಷರ ಆಚೀಚೆ ಆಗಿದೆ, ಅಷ್ಟೇ. ಕೆಂಪು ಪೆನ್ನಿನಿಂದ ‘ಉಜ್ಜಿಬಿಡಿ’ ಎಂದು ತಿದ್ದಿದೆ. ತೋಳು ಮಡಚಿದೆ. ಉಜ್ಜಿಯೇಬಿಟ್ಟೆ.

ಕಾಫಿ ಹೋಯಿತು. ನಿಜವಾಗಿ ಹೋಯಿತು, ನನಗೇ ಹೆಮ್ಮೆಯಾಯಿತು. ಒದ್ದೆ ಬಟ್ಟೆಯಿಂದ ನೊರೆ ಒರೆಸಿ, ಕನ್ನಡಕ ಸರಿಮಾಡಿಕೊಂಡು ನೋಡಿದೆ. ಕಾಫಿಯ ಜೊತೆಗೆ ಬಣ್ಣವೂ ಹೋಗಿತ್ತು! ಬೂದು ಸೀಟಿನ ನಟ್ಟನಡುವೆ ಲೋಟದಷ್ಟು ಅಗಲದ ಬೆಳ್ಳನೆಯ ವೃತ್ತ. ಅದರ ಮೇಲೆ ಬಟ್ಟೆಯ ಜುಂಗು ಹಳೆಯ ಸ್ವೆಟರಿನ ಹಾಗೆ ಎದ್ದು ನಿಂತಿತ್ತು.

ಬಣ್ಣ ಹೋದರೆ ಏನು ಮಾಡಬೇಕು? ಬಣ್ಣ ಹಾಕಬೇಕು. ಕೆಳಗಿಳಿದು ಕೆರೆಯ ದಂಡೆಯಿಂದ ಒಂದು ಹಿಡಿ ಮಣ್ಣು, ಚಕ್ರದ ಬಳಿಯಿಂದ ಒಂದು ಹಿಡಿ ಧೂಳು ತಂದೆ. ಕಾಲೊರಸನ್ನು ಕೊಡವಿ ಇನ್ನೊಂದಿಷ್ಟು ಸಂಪಾದಿಸಿದೆ. ಮೂರನ್ನೂ ಬಸಿಯಲ್ಲಿ ಕಲಸಿ, ಮೋಡದ ಬಣ್ಣಕ್ಕೆ ಹತ್ತಿರ ಬಂತೇ ಎಂದು ತಲೆ ವಾರೆ ಮಾಡಿ ನೋಡುತ್ತ, ಬೆರಳಿನಿಂದ ಮೆಲ್ಲಗೆ ಸೀಟಿಗೆ ಹಚ್ಚತೊಡಗಿದೆ. ಕಲೆ ತೆಗೆಯಲು ಹೊರಟವನು ಹೀಗೆ ಕಲಾವಿದನಾಗಿ ಮೈಮರೆತಿದ್ದಾಗ ಬಾಗಿಲು ಸರಿಯಿತು.

“ರೀ! ಏನ್ರೀ ಮಾಡ್ತಿದೀರಿ?”

“ಸೀಟು... ಕ್ಲೀನು...”

“ಮಣ್ಣು ಹಚ್ಚಿ ಕ್ಲೀನಾ?”

“ಇಲ್ಲ ಕಣೇ, ಜಾಸ್ತಿ ಕ್ಲೀನ್ ಆಗೋಯ್ತು. ಅದಕ್ಕೇ ಸ್ವಲ್ಪ ಕಮ್ಮಿ ಮಾಡ್ತಿದೀನಿ.”

ಅವಳು ಕೈಚೀಲ ಎಸೆದು, ಬಟ್ಟೆ ಕಸಿದುಕೊಂಡು ಮಣ್ಣು ತೊಳೆದಳು. ತೊಳೆದಷ್ಟೂ ವೃತ್ತ ಹಿಗ್ಗಿತು. ಲೋಟದಷ್ಟಿದ್ದದ್ದು ಊಟದ ತಟ್ಟೆಯಷ್ಟಾಯಿತು. ಅವಳು ಬಟ್ಟೆ ಕೆಳಗಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು, ಬೈಗುಳ ನನಗೆ ಅಭ್ಯಾಸವಿದೆ. ಆದರೆ ಅವಳು ಹಿಂದಿನ ಬಾಗಿಲು ತೆರೆದು ಕೆರೆಯ ನೀರು ನೋಡುತ್ತ ನಿಂತಳು. ನನ್ನ ಐದು ನಿಮಿಷದ ಸುಖಕ್ಕೆ ಅವಳ ಸಮುದ್ರ ಹೋಗಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು.

“ಅಮ್ಮಾ, ನಾನು ಅದರ ಮೇಲೆ ಕೂತ್ಕೊಂಡ್ಬಿಡ್ತೀನಿ. ದೊಡ್ಡಮ್ಮ ನೋಡಿಕೊಂಡು ಹೋಗೋವರೆಗೂ ಏಳಲ್ಲ” ಎಂದಳು ಪುಟ್ಟಿ. ಬೇರೆ ದಾರಿಯಿರಲಿಲ್ಲ.

ಸಂಜೆ ಅಕ್ಕನ ಮನೆಯ ಮುಂದೆ ಗಾಡಿ ನಿಂತಿತು. ಅಕ್ಕ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ರೋಗಿಗಳು ಅವರ ಹೆಜ್ಜೆಯ ಸಪ್ಪಳಕ್ಕೇ ಅರ್ಧ ಗುಣವಾಗುತ್ತಾರೆಂದು ಷಡ್ಡಕರು ಹೇಳುತ್ತಾರೆ. ಕನ್ನಡಕ ಹಾಕಿಕೊಂಡು ಒಳಗೆ ಬಂದವರು ಒಲೆ ನೋಡಿದರು, ಸಿಂಕು ನೋಡಿದರು, ಸೀಟುಗಳನ್ನು ಒಂದೊಂದಾಗಿ ಸವರಿದರು. ಷಡ್ಡಕರು ಬಾಗಿಲಲ್ಲಿ ನಿಂತು ನನಗೆ ಕಣ್ಣಿನಲ್ಲೇ ಧೈರ್ಯ ಹೇಳುತ್ತಿದ್ದರು.

“ಏಳೇ ಪುಟ್ಟಿ.”

“ಕಾಲು ಜೋಮು ಹಿಡಿದಿದೆ ದೊಡ್ಡಮ್ಮ.”

“ಎದ್ದು ನಿಂತ್ರೆ ಜೋಮು ಬಿಡುತ್ತೆ. ಏಳು.”

ನರ್ಸಿನ ಮುಂದೆ ಕಾಯಿಲೆಯ ನೆಪ ಹೇಳಿದ್ದೇ ತಪ್ಪು. ಪುಟ್ಟಿ ಎದ್ದಳು. ತಟ್ಟೆಯಗಲದ ಬಿಳಿ ವೃತ್ತ ಹುಣ್ಣಿಮೆಯ ಚಂದ್ರನ ಹಾಗೆ ಪ್ರತ್ಯಕ್ಷವಾಯಿತು. ನಾನು ಮೇಲಿನ ಕಪಾಟನ್ನೇ ನೋಡುತ್ತ ನಿಂತೆ.

“ಅಕ್ಕಾ, ತಪ್ಪು ನಮ್ಮದೇ” ಎಂದಳು ಹೆಂಡತಿ. ನೋಡಿ, ‘ನಮ್ಮದೇ’ ಎಂದಳು, ‘ಇವರದೇ’ ಎನ್ನಲಿಲ್ಲ. ನನ್ನ ಕಣ್ಣು ತೇವವಾಯಿತು.

ಅಕ್ಕ ಬಗ್ಗಿದರು. ವೃತ್ತವನ್ನು ಮುಟ್ಟಿದರು, ಮೂಸಿದರು. ಆಮೇಲೆ ಸೀಟನ್ನು ಬೋರಲು ಹಾಕಿ, ಹಿಂಬದಿಯ ಜಿಪ್ಪು ಎಳೆದು, ಬಟ್ಟೆಯ ಒಳಮಡಿಕೆಯನ್ನು ಬಿಡಿಸಿ ನೋಡಿದರು. ಯಾರ ಕೈಯೂ ಬಿಸಿಲೂ ತಾಗದ ಆ ಮಡಿಕೆ ನಾನು ಉಜ್ಜಿದ ವೃತ್ತದಷ್ಟೇ ಬೆಳ್ಳಗಿತ್ತು.

“ಇದು... ಬೂದು ಬಣ್ಣ ಅಲ್ವಾ?” ಎಂದರು ಅಕ್ಕ, ಒಣಗಿದ ದನಿಯಲ್ಲಿ.

“ಹಾಲಿನ ಕೆನೆ ಬಣ್ಣ ಕಣೇ ಇದು” ಎಂದರು ಷಡ್ಡಕರು ಬಗ್ಗಿ ನೋಡಿ. “ಮೋಡ ಎಲ್ಲ ಹಿಂದಿನ ಮಾಲೀಕಂದು. ಅವನ ಹತ್ರ ಎರಡು ನಾಯಿ ಬೇರೆ ಇದ್ವು.”

ಎರಡು ವರ್ಷದಿಂದ ಆ ಸೀಟಿಗೆ ಕೆನ್ನೆ ಒತ್ತಿ ಮಲಗಿದ್ದ ಅಕ್ಕ ಮೆಲ್ಲಗೆ ಕೆನ್ನೆ ಒರೆಸಿಕೊಂಡರು. ಬೂದು ಪರದೆಗಳನ್ನು ನೋಡಿದರು. ಪುಟ್ಟಿ ಮೊದಲು ಕಿಸಕ್ಕೆಂದಳು, ಆಮೇಲೆ ನನ್ನ ಹೆಂಡತಿ, ಕೊನೆಗೆ ಅಕ್ಕನೇ ಸೀಟಿನ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತಮೇಲೆ ಕೇಳಿದರು: “ಯಾರು ಇದನ್ನ ಉಜ್ಜಿದ್ದು?”

ಹೆಂಡತಿ ನನ್ನ ಕಾಲು ತುಳಿದಳು. ಆದರೆ ಹೊಗಳಿಕೆಯ ವಾಸನೆ ಬಡಿದ ಮೇಲೆ ಸುಮ್ಮನಿರುವ ಜಾತಿಯವನಲ್ಲ ನಾನು. ಎದೆಯುಬ್ಬಿಸಿ “ನಾನೇ ಅಕ್ಕ” ಎಂದೆ. ಲೇಬಲ್ಲನ್ನು ತಿದ್ದಿದ ಪಾಂಡಿತ್ಯವನ್ನೂ ವಿವರಿಸಿದೆ.

“ಹಾಗಾದ್ರೆ ಪೂರ್ತಿ ನೀವೇ ಮಾಡಿ. ಎಲ್ಲ ಸೀಟೂ ಹೀಗೇ ಆಗ್ಲಿ, ಹದಿನೈದು ದಿನ ಗಾಡಿ ಕೊಡ್ತೀನಿ. ಆದ್ರೆ ಉಜ್ಜೋ ಹಾಗಿಲ್ಲ. ಜುಂಗು ನೋಡಿ ಹೇಗೆ ಎದ್ದಿದೆ! ಒದ್ದೆ ಬಟ್ಟೆ ಇಟ್ಟು ಒತ್ತಿ ಒತ್ತಿ ತೆಗೀರಿ.”

ಹೆಂಡತಿ ನನ್ನ ಕಡೆ ತಿರುಗಿದಳು. ಮದುವೆಯ ಫೋಟೋದಲ್ಲೂ ಅವಳ ಮುಖ ಅಷ್ಟು ಬೆಳಗಿರಲಿಲ್ಲ. ಆ ಮುಖಕ್ಕಾಗಿ ಒಂದು ರೈಲಿನ ಸೀಟುಗಳನ್ನೆಲ್ಲ ತೊಳೆ ಎಂದಿದ್ದರೂ ತೊಳೆಯುತ್ತಿದ್ದೆ.

ಎಂಟು ಸಂಜೆ ಹಿಡಿಯಿತು. ಅಂಗೈಯಗಲದಷ್ಟು ಜಾಗಕ್ಕೆ ಬಟ್ಟೆ ಇಟ್ಟು, ಒತ್ತಿ, ಕೊಳೆ ಎಳೆದು, ಹಿಂಡಿ, ಮತ್ತೆ ಪಕ್ಕದ ಅಂಗೈಯಗಲ. ಬಕೆಟ್ಟಿನ ನೀರು ಕಂಡು ನನಗೇ ಆ ನಾಯಿಗಳ ಪರಿಚಯವಾದಂತಾಯಿತು. ಒಂಬತ್ತನೆಯ ದಿನ ಸೀಟುಗಳೆಲ್ಲ ಕೆನೆಯ ಹಾಗೆ ಹೊಳೆದವು, ಗಾಡಿಯ ಒಳಗೆ ದೀಪ ಹಚ್ಚಿದಷ್ಟು ಬೆಳಕಾಯಿತು. ಅಕ್ಕ ಒಳಗೆ ಬಂದು ಸುತ್ತಲೂ ನೋಡಿ, ತುಂಬ ಹೊತ್ತು ಕುಳಿತುಬಿಟ್ಟರು. ಆಮೇಲೆ ತಂಗಿಯ ಕೈ ಹಿಡಿದು, “ಇಷ್ಟು ಚೆಂದದ ಗಾಡೀನ ಬಿಟ್ಟಿರೋಕೆ ನನ್ನಿಂದ ಆಗಲ್ಲ ಕಣೇ. ನಾನೂ ಬರ್ತೀನಿ, ನಾನೇ ಓಡಿಸ್ತೀನಿ” ಎಂದರು.

“ಬನ್ನಿ ಬನ್ನಿ, ನಾಲ್ಕು ಜನ ಆದ್ರೆ ಇನ್ನೂ ಮಜಾ” ಎಂದೆ ನಾನು.

ಅಕ್ಕ ತಂಗಿಯ ಮುಖ ನೋಡಿದರು. ಹೆಂಡತಿ ನನ್ನ ತೋಳು ಸವರಿ, ಹಲ್ಲು ಕೀಳುವ ಮುಂಚೆ ರೋಗಿಗಳಿಗೆ ಹೇಳುವ ದನಿಯಲ್ಲಿ ಹೇಳಿದಳು: “ಮಲಗೋಕೆ ಮೂರೇ ಜನಕ್ಕೆ ಜಾಗ ಅಲ್ವಾ ರೀ?”

ಅವರು ಹೊರಟ ಬೆಳಿಗ್ಗೆ ನಾನು ಬೀದಿಯಲ್ಲಿ ನಿಂತು ಕೈ ಬೀಸಿದೆ. ಹೊದಿಕೆಯಿಲ್ಲ, ಪ್ಲಾಸ್ಟಿಕ್ ಇಲ್ಲ. ನನ್ನ ಹೆಂಡತಿ ಕೆನೆಬಣ್ಣದ ಸೀಟಿಗೆ ಒರಗಿ, ಶಾಲೆಗೆ ರಜೆ ಸಿಕ್ಕ ಹುಡುಗಿಯ ಹಾಗೆ ನಗುತ್ತ ತಿರುವಿನವರೆಗೂ ನನ್ನನ್ನೇ ನೋಡುತ್ತಿದ್ದಳು. ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಾಗುತ್ತದೆ. ನನಗೆ ನಿಜವಾಗಿ ಸಂತೋಷವಾಯಿತು. ಹದಿನೈದು ದಿನ ಮನೆಯಲ್ಲಿ ಎಲ್ಲಿ ಬೇಕಾದರೂ ಕೂರಬಹುದು, ಹೇಗೆ ಬೇಕಾದರೂ ಮಲಗಬಹುದು, ಕೇಳುವವರಿಲ್ಲ ಎಂದು ಮನಸ್ಸು ಗರಿಗೆದರಿತು.

ಪಕ್ಕದಲ್ಲಿ ನಿಂತಿದ್ದ ಷಡ್ಡಕರು ನನ್ನ ಹೆಗಲ ಮೇಲೆ ಕೈಯಿಟ್ಟು ಕೆಮ್ಮಿದರು.

“ಹೋಗುವಾಗ ಇವಳೊಂದು ಮಾತು ಹೇಳಿ ಹೋದ್ಳು, ಬೇಜಾರು ಮಾಡ್ಕೋಬೇಡಿ. ನಮ್ಮ ಮನೆ ಸೋಫಾದ ನಿಜವಾದ ಬಣ್ಣ ಯಾವುದು ಅಂತ, ಅವರು ಬರೋದರೊಳಗೆ ನೀವು ಕಂಡುಹಿಡೀಬೇಕಂತೆ.”