ಕಣ್ಣು ಬಿಡದ ಗಿಳಿಯೂ ಕಂಪ್ಲೀಟ್ ಮಾಸ್ತರರೂ

“ಇನ್ನ ಮ್ಯಾಲೆ ಈ ಮನ್ಯಾಗ ಯಾವ ಕೆಲಸಾನೂ ಅರ್ಧಕ್ಕ ನಿಂದ್ರಬಾರದು!” ಎಂದು ಕುಬಿಹಾಳದ ಶಂಭುಲಿಂಗಪ್ಪ ಮಾಸ್ತರರು ಘೋಷಿಸಿದಾಗ ಅವರ ಧೋತರದ ಕಚ್ಚೆ ಸಿಕ್ಕಿಸುವುದು ಇನ್ನೂ ಬಾಕಿ ಇತ್ತು. ಹೆಂಡತಿ ಶಾರದವ್ವ ನೋಡಿಯೂ ಸುಮ್ಮನಿದ್ದರು. ಏನೇನನ್ನು ನೋಡಿ ಸುಮ್ಮನಿರಬೇಕು ಎಂಬುದನ್ನು ಇಪ್ಪತ್ತೆರಡು ವರ್ಷದ ಸಂಸಾರ ಅವರಿಗೆ ಕಲಿಸಿತ್ತು.

ಮಾಸ್ತರರು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಕೆಲವರಿಗೆ ದೆವ್ವ ಹಿಡಿಯುತ್ತದೆ, ಕೆಲವರಿಗೆ ಇಸ್ಪೀಟು ಹಿಡಿಯುತ್ತದೆ. ಆ ವರ್ಷ ಮಾಸ್ತರರಿಗೆ ‘ಪೂರ್ತಿ’ ಹಿಡಿದಿತ್ತು. ಕನ್ನಡಿಗರು ಎಲ್ಲಕ್ಕೂ ‘ಆತು’ ಎಂದು ಕೈ ತೊಳೆದುಕೊಳ್ಳುತ್ತಾರೆ. ಊಟ ಆತು, ಲಗ್ನ ಆತು, ಕೂಸು ಆತು! ಇಂಗ್ಲಿಷರು ಹಾಗಲ್ಲ. ಪೂರ್ತಿಯಾಗುವುದರಲ್ಲೇ ಅವರಿಗೆ ಐದಾರು ನಮೂನೆ. ಈ ಸತ್ಯವನ್ನು ಹತ್ತನೇ ಇಯತ್ತೆಗೆ ತಿಳಿಸಿ ಸೋತ ಮಾಸ್ತರರು, ಅದನ್ನು ಅಡಿಗೆಮನೆಗೆ ತಂದಿದ್ದರು.

“ನೋಡು, ಬುಟ್ಟಿ ತುಂಬ ಭಕ್ಕರಿ ಇದ್ರ ಬುಟ್ಟಿ ಫುಲ್. ಒಂದು ಭಕ್ಕರಿ ಮುರೀದ ಇದ್ರ ಅದು ಹೋಲ್. ಬುಟ್ಟ್ಯಾಗಿನ ಭಕ್ಕರಿ ಒಂದೂ ಬಿಡದ ಎಲ್ಲಾ ಅಂದ್ರ ಎಂಟೈರ್. ಭಕ್ಕರಿ ಜೋಡಿ ಪಲ್ಯ, ಹಿಂಡಿ, ಮೊಸರು, ಉಳ್ಳಾಗಡ್ಡಿ ಎಲ್ಲಾ ಬಂತಂದ್ರ ಊಟ ಕಂಪ್ಲೀಟ್. ಉಂಡು ಎದ್ದರ ಫಿನಿಶ್.”

“ಮತ್ತ ಹೊಗಿಯಾಗ ಕುಂತು ಭಕ್ಕರಿ ಬಡದಾಕಿಗೆ ಏನಂತಾರ್ರಿ?”

ಮಾಸ್ತರರು ಯೋಚಿಸಿದರು. “ಅದಕ್ಕ ಇಂಗ್ಲಿಷಿನ್ಯಾಗ ಶಬ್ದ ಇಲ್ಲ.”

“ಇಂಗ್ಲಿಷಿನ್ಯಾಗ ಬಿಡ್ರಿ, ಈ ಮನ್ಯಾಗೂ ಇಲ್ಲ,” ಎಂದು ಶಾರದವ್ವ ಬುಟ್ಟಿ ಎತ್ತಿಕೊಂಡು ಹೋದರು.

ಇಷ್ಟರಲ್ಲಿ ಮಗಳು ಗೌರಕ್ಕ ತವರಿಗೆ ಬಂದು ಗಂಡುಕೂಸು ಹಡೆದಳು. ಹೆಸರಿಡುವ ದಿನ ಗೊತ್ತಾಯಿತು. ಅಣ್ಣಿಗೇರಿಯಿಂದ ಬೀಗತಿ ರೇವವ್ವ ಬರುವವರು. ರೇವವ್ವನವರ ಕಣ್ಣು ಸಾಮಾನ್ಯದ್ದಲ್ಲ. ಲಗ್ನದಲ್ಲಿ ಬುಂದೇದ ಉಂಡಿಯೊಳಗೆ ಒಂದು ದ್ರಾಕ್ಷಿ ಕಡಿಮೆಯಿದ್ದುದನ್ನು ಹಿಡಿದು, ಅದನ್ನೇ ವರ್ಷವಿಡೀ ಗೌರಕ್ಕನ ಕಿವಿಗೆ ಬಡಿಸಿದವರು. “ತೊಟ್ಲದಾಗ ಒಂದು ಕೊಂಕು ಸಿಕ್ರ ನಾ ಜೀವನಪೂರ್ತಿ ಕೇಳಬೇಕಾಗತೈತಿ, ಅಪ್ಪಾ,” ಎಂದು ಮಗಳು ಕಣ್ಣೀರು ಹಾಕಿದ್ದಳು. ಅದಕ್ಕೇ ಶಾರದವ್ವ ಸ್ವತಃ ಕಲಘಟಗಿಗೆ ಹೋಗಿ, ಹನಮಪ್ಪನೆಂಬ ಹಿರಿಯ ಕಸುಬುದಾರನಿಗೆ ಬಣ್ಣದ ತೊಟ್ಟಿಲು ಮಾಡಲು ಹೇಳಿ ಬಂದಿದ್ದರು.

ಹೆಸರಿಡುವ ಹಿಂದಿನ ಸಂಜೆ ತೊಟ್ಟಿಲು ಬಸ್ಸಿನ ಮೇಲೆ ಕುಳಿತು, ಮದುಮಗನಂತೆ ಮೆರೆಯುತ್ತ ಊರಿಗೆ ಬಂತು. ಕೆಂಪು, ಹಳದಿ, ಹಸಿರು! ಬಳ್ಳಿ, ಹೂವು, ನಾಲ್ಕು ಮೂಲೆಗೆ ನಾಲ್ಕು ಗಿಳಿ! ಓಣಿಯ ಹೆಂಗಸರೆಲ್ಲ ಬಾಯಿ ತೆರೆದು ನಿಂತರು. ಮಾಸ್ತರರು ಮಾತ್ರ ಮೂಗಿಗೆ ಚಾಳೀಸು ಏರಿಸಿ ಉತ್ತರಪತ್ರಿಕೆ ತಿದ್ದುವಂತೆ ಒಂದೊಂದೇ ಎಸಳು ನೋಡುತ್ತ ಬಂದು, ನಾಲ್ಕನೆಯ ಗಿಳಿಯ ಮುಂದೆ ನಿಂತುಬಿಟ್ಟರು. ಗಿಳಿಗೆ ಕಣ್ಣಿರಲಿಲ್ಲ. ಕಣ್ಣಿನ ಜಾಗದಲ್ಲಿ ಸಾಸಿವೆಯಷ್ಟು ಬಿಳಿ ಚುಕ್ಕೆ.

“ಇನ್‌ಕಂಪ್ಲೀಟ್!” ಎಂದು ಕೂಗಿದರು. ಒಳಗೆ ಕೂಸು ಬೆಚ್ಚಿ ಅಳತೊಡಗಿತು.

“ಅಂವಾ ಬೇಕಂತನ ಬಿಟ್ಟಾನ್ರಿ,” ಎಂದರು ಶಾರದವ್ವ. “ಅವರ ಮನೀ ಪದ್ಧತಿ ಅಂತ. ಕಡೀ ಕಣ್ಣು ಹೆಸರಿಡೂ ದಿನ ಬಂದು ಕೂಸಿನ ಮುಂದ ಬರೀತಾನ. ನಾಳೆ ಬರ್ತಾನ. ನೀವು ಮುಟ್ಟಬ್ಯಾಡ್ರಿ.”

“ಪದ್ಧತಿ ಅಲ್ಲ, ಮೈಗಳ್ಳತನ! ನಾಳೆ ಬಸ್ ತಪ್ಪಿದ್ರ? ಬೀಗತಿ ಮುಂದ ಕುರುಡ ಗಿಳಿ ತೂಗೂಣೇನು?”

“ನೀವು ಮುಟ್ಟಬ್ಯಾಡ್ರಿ ಅಂದೆ.”

ಈ ಮಾತನ್ನು ಶಾರದವ್ವ ಹೇಳದೆ ಇದ್ದಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ!

ಬೆಳಗಿನ ಜಾವ ಹೆಂಗಸರು ಹಿತ್ತಲಲ್ಲಿ ಗುಗ್ಗರಿ ಕುದಿಸುತ್ತಿದ್ದಾಗ ಮಾಸ್ತರರು ಕಾರ್ಯಪ್ರವೃತ್ತರಾದರು. ಶಾಲೆಯ ಕರಿಹಲಗೆಗೆ ಹಚ್ಚಿ ಉಳಿದ ಕಪ್ಪು ಬಣ್ಣದ ಡಬ್ಬಿ ಗೋಡೆಯ ಮಾಡದಲ್ಲಿತ್ತು. ಹುಣಸೆಬರಲಿನ ತುದಿ ಜಜ್ಜಿ ಕುಂಚ ಮಾಡಿ, ಉಸಿರು ಬಿಗಿಹಿಡಿದು, ಒಂದೇ ಒಂದು ಚುಕ್ಕೆ ಇಟ್ಟರು. ಆಹಾ! ಗಿಳಿ ಕಣ್ಣು ಬಿಟ್ಟಿತು. ಮರುಗಳಿಗೆಗೆ ಆ ಕಣ್ಣಿನಿಂದ ಕರಿಯ ಕಣ್ಣೀರು ಇಳಿಯಿತು. ಮಾಸ್ತರರು ಧೋತರದ ಚುಂಗಿನಿಂದ ಒರೆಸಿದರು. ಕಣ್ಣೀರು ಕೊಕ್ಕಿಗೆ ಹತ್ತಿತು. ಚಿಮಣಿ ಎಣ್ಣೆ ಹಚ್ಚಿ ತಿಕ್ಕಿದರು. ಕಪ್ಪು ಹೋಗಲಿಲ್ಲ, ಹಸಿರು ಹೋಯಿತು! ಹೋದ ಹಸಿರನ್ನು ಮುಚ್ಚಲು ಕೈಯಿಂದಲೇ ಇನ್ನಷ್ಟು ಕಪ್ಪು ಬಳಿದರು. ಗಿಳಿ ನೋಡನೋಡುತ್ತ ಕಾಗೆಯಾಯಿತು. ಕಾಗೆ ಹಿಗ್ಗಿ ಭಕ್ಕರಿ ಹೆಂಚಾಯಿತು. ಗಿಳಿ ಹೋಲ್ ಉಳಿಯಲಿಲ್ಲ, ಮೂಲೆ ಕಪ್ಪಿನಿಂದ ಫುಲ್, ಸರ್ವನಾಶ ಕಂಪ್ಲೀಟ್, ಮಾಸ್ತರರು ಫಿನಿಶ್!

“ಶಿವಶಿವಾ!” ಎಂದು ಅವರು ಎರಡೂ ಕೈಯಿಂದ ಗಲ್ಲ ಗಲ್ಲ ಬಡಿದುಕೊಂಡರು.

ಸಪ್ಪಳಕ್ಕೆ ಶಾರದವ್ವ ಓಡಿ ಬಂದರು. ತೊಟ್ಟಿಲು ನೋಡಿದರು. ಗಂಡನ ಮುಖ ನೋಡಿದರು. ಏನೋ ಹೇಳಹೋಗಿ ಸುಮ್ಮನಾದರು. ಬಾಗಿಲಲ್ಲಿ ನಿಂತ ಗೌರಕ್ಕ ಮಾತ್ರ, “ಅಪ್ಪಾ, ನನ್ನ ಅತ್ತಿ ಈಗ ಬರ್ತಾಳಲ್ಲೋ!” ಎಂದು ಚೀರಿದಳು.

ಮೊದಲು ಬಂದವನು ಹನಮಪ್ಪ. ಬಗಲಲ್ಲಿ ಬಣ್ಣದ ಗಂಟು, ಕಿವಿಯ ಮೇಲೆ ಕುಂಚ. ಹೆಂಚಿನಂಥ ಗಿಳಿಯ ಮೇಲೆ ಬೆರಳಾಡಿಸಿದ.

“ಮಾಸ್ತರ, ಒಂದು ಚುಕ್ಕಿ ಬರಿಯಾಕ ನನಗೇನು ಕೈ ಸೋತಿತ್ತೇನ್ರಿ? ಎಲ್ಲಾ ಮುಗಿಸಿ ಕಳಿಸಿಬಿಟ್ರ ನನ್ನ ಯಾರು ಕರೀತಾರ? ಕಣ್ಣು ಬಾಕಿ ಇಟ್ರ ನಾ ಬರಾಕಬೇಕು. ಬಂದಾಂವ ಹಗ್ಗ ಜಗ್ಗಿ ನೋಡ್ತೇನಿ, ಗೂಟ ಬಡದು ನೋಡ್ತೇನಿ. ಕೂಸಿನ ಮಾರಿ ನೋಡಿ ನಾಕು ಕಾಳು ಗುಗ್ಗರಿ ತಿಂದು ಹೋಗ್ತೇನಿ. ನಮ್ಮ ತೊಟ್ಲಾ ಪೂರ್ತಿ ಆಗೂದು ಕೂಸು ಮಲಗಿದ ಮ್ಯಾಲೆರಿ.”

ಐದಾರು ಶಬ್ದ ಬಲ್ಲ ಮಾಸ್ತರರು ಕಪ್ಪು ಬಣ್ಣದ ಡಬ್ಬಿಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದರು.

ಹನಮಪ್ಪ ಹಗ್ಗ ಜಗ್ಗಿದ. ಒಂದು ಗಂಟು ಜಾರಿತ್ತು, ಬಿಗಿದ. ಆಮೇಲೆ ಗಿಳಿಯ ಮುಂದೆ ಕುಳಿತು ಕಪ್ಪನ್ನು ಕೆರೆದು, ಅಂಚು ಒರೆಸಿ, ಸುತ್ತಲೂ ಹಳದಿ ಗೆರೆ ಎಳೆದ. ಗಿಳಿ ಮರಳಿ ಬರಲಿಲ್ಲ. ದುಂಡಗೆ, ಅಂಗೈಯಷ್ಟು ಒಂದು ಕರಿಬೊಟ್ಟು ಉಳಿಯಿತು. ಅಷ್ಟರಲ್ಲಿ ಅಂಗಳದಲ್ಲಿ ಬೀಗತಿಯ ದನಿ!

ರೇವವ್ವನವರು ನೀರು ಕುಡಿಯಲಿಲ್ಲ, ಕೂರಲಿಲ್ಲ. ನೇರವಾಗಿ ತೊಟ್ಟಿಲಿಗೆ ಬಂದರು. ಒಂದು ಗಿಳಿ, ಎರಡು ಗಿಳಿ, ಮೂರು ಗಿಳಿ... ಗೌರಕ್ಕ ಕಣ್ಣು ಮುಚ್ಚಿದಳು.

“ಇದೇನ್ರಿ ಬೀಗತೆರ, ಇಲ್ಲೆ ಕರೇದು?”

ಶಾರದವ್ವ ಕೂಸಿನ ಗಲ್ಲಕ್ಕೆ ಕಾಡಿಗೆ ಹಚ್ಚುತ್ತಿದ್ದರು. ಬೆರಳು ಒಂದು ಗಳಿಗೆ ನಿಂತಿತು. “ದೃಷ್ಟಿಬೊಟ್ಟ್ರಿ,” ಎಂದರು, ತಲೆಯೆತ್ತದೆ. “ತೊಟ್ಲಾ ಅಗದಿ ಚೆಂದಾಗಿತ್ರಿ. ಒಂದೂ ಕೊಂಕಿಲ್ಲದ್ದಕ್ಕ ಮಂದಿ ಕಣ್ಣು ಲಗೂ ಬೀಳತಾವು. ಕೂಸಿಗೆ ಹಚ್ಚಿದ್ರ ಸಾಕೇನ್ರಿ?”

ರೇವವ್ವನವರು ಕೂಸಿನ ಗಲ್ಲ ನೋಡಿದರು, ತೊಟ್ಟಿಲ ಮೂಲೆ ನೋಡಿದರು. ಅವರ ಮುಖ ಅರಳಿತು. “ಭಾಳ ಶಾಣ್ಯಾಕಿ ಅದೀ, ಶಾರದವ್ವಾ! ಗೌರೀ, ನಿಮ್ಮವ್ವನ್ನ ನೋಡಿ ಕಲೀ.”

ಗೌರಕ್ಕ ಕಣ್ಣು ತೆರೆದಳು. ಮಾಸ್ತರರಿಗೆ ಹೋದ ಜೀವ ಬಂತು, ಅದರ ಬೆನ್ನಿಗೇ ಹೋದ ಠೀವಿಯೂ ಬಂತು. ಎದೆ ಸೆಟೆಸಿ ಮುಂದೆ ಬಂದು, “ನಮ್ಮನ್ಯಾಗ ಎಲ್ಲಾ ಕಂಪ್ಲೀಟ್ ಇರ್ತೈತ್ರಿ,” ಎಂದರು.

ರೇವವ್ವನವರು ಅವರನ್ನು ಮೇಲಿಂದ ಕೆಳಗೆ ನೋಡಿ ಬೆರಗಾದರು. “ಅಯ್ಯ, ಮಾಸ್ತರ ಎರಡೂ ಗಲ್ಲಕ್ಕ ಕರೇದು ಹಚ್ಚೀರಲ್ಲ! ಈ ವಯಸ್ಸಿನ್ಯಾಗ ಅವರಿಗೆ ಯಾರ ದೃಷ್ಟಿ ಆಗತೈತ್ರಿ?”

“ಅವರಿಗಲ್ರಿ ಅವ್ವಾರ,” ಎಂದರು ಶಾರದವ್ವ, ಕೂಸನ್ನು ತೊಟ್ಟಿಲಲ್ಲಿ ಮಲಗಿಸುತ್ತ. “ಎಲ್ಲಾ ಕಂಪ್ಲೀಟ್ ಇದ್ದ ಮನಿಗೂ ಕಣ್ಣ ಬೀಳತಾವಂತ. ಅದಕ್ಕ ಇಪ್ಪತ್ತೆರಡು ವರ್ಷದಿಂದ ಇವರನ್ನ ಇಟ್ಕೊಂಡೇನಿ!”