ಅಮಾಸಿಗೊಮ್ಮೆ ಕೆಡುವ ಗನ್ನುಗಳು

ನನ್ನ ಸೋದರಮಾವನ ವಿಡಿಯೋ ಗೇಮ್ ಅಂಗಡಿಯಲ್ಲಿ ಏನೇ ಕೆಟ್ಟರೂ ಮೊದಲು ಹುಡುಕುತ್ತಿದ್ದದ್ದು ಕಾರಣವನ್ನಲ್ಲ, ಮಾಡಿದವರನ್ನು. ಹಾಗಾಗಿ ರಾಣೆಬೆನ್ನೂರು ಬಸ್ ಸ್ಟ್ಯಾಂಡಿನ ಹಿಂದಿದ್ದ ಆ ಅಂಗಡಿಯಲ್ಲಿ ಪ್ರಸಂಗಗಳಿಗೆ ಬರವಿರಲಿಲ್ಲ. ಆಗಷ್ಟೇ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದ ನನಗೆ ಅಲ್ಲಿ ರಿಪೇರಿ ಕೆಲಸ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ್ದರಿಂದ ಎರಡು ಭಾಷೆ ಬರುತ್ತಿದ್ದವು. ಗಿರಾಕಿ ಎದುರು ನಿಂತರೆ ಎರಡೂ ಬರುತ್ತಿರಲಿಲ್ಲ.

೧. ಕೆಂಪು, ನೀಲಿ

ಶೂಟಿಂಗ್ ಆಟದ ಮಷೀನಿಗೆ ಎರಡು ಗನ್ನು: ಒಂದು ಕೆಂಪು, ಒಂದು ನೀಲಿ. ಜನ ಅವನ್ನು ಎತ್ತಿನ ಹಗ್ಗದಂತೆ ಜಗ್ಗಿ ಜಗ್ಗಿ ಹಿಡಿಕೆಯ ಬುಡದಲ್ಲಿ ವೈರು ಕಡಿಯುತ್ತಿತ್ತು. ಒಮ್ಮೆ ಬೆಸೆದು ಜೋಡಿಸುವಾಗ ಎರಡರ ಪ್ಲಗ್ಗನ್ನೂ ಅದಲುಬದಲು ಮಾಡಿಬಿಟ್ಟೆ. ಕೆಂಪಿನಿಂದ ಹೊಡೆದದ್ದು ನೀಲಿಯ ಲೆಕ್ಕಕ್ಕೆ! ಆಡಲು ಬಂದ ಇಬ್ಬರು ಕಾಲೇಜು ಗೆಳೆಯರಲ್ಲಿ ಗುರಿಯೇ ಇಲ್ಲದವನು ಗೆದ್ದ.

"ಮಷೀನ್ದಾಗ ಏನೋ ಐತಲೇ," ಎಂದು ಸೋತವನು ನನ್ನನ್ನೇ ನೋಡಿದ.

"ಮಷೀನ್ದಾಗ ಅಲ್ಲಲೇ, ಕೈಯಾಗ ಐತಿ," ಎಂದ ಗೆದ್ದವನು ಎಲ್ಲರಿಗೂ ಮಿರ್ಚಿ ಭಜಿ ತರಿಸಿದ. ನಾನೂ ಎರಡು ತಿಂದೆ. ಅವರು ಹೋದ ಮೇಲೆ ಸುಮ್ಮನೆ ಪ್ಲಗ್ಗು ಬದಲಿಸಿದೆ. ಮರುದಿನ ಅವನಿಗೆ ಒಂದೂ ಗುರಿ ಹತ್ತಲಿಲ್ಲ.

"ಭಜಿ ತಿಂದೋರ ಕಣ್ಣ ಹತ್ತೇತಿ," ಎಂದ.

೨. ನಗುವವರು

ಆಮೇಲೆ ಬಂದದ್ದು ವಿಚಿತ್ರ ರೋಗ. ಅಮಾವಾಸ್ಯೆ ಬಂತೆಂದರೆ ಎರಡೂ ಗನ್ನು ಕೆಡುತ್ತಿದ್ದವು. ಒತ್ತಿದರೆ ಸದ್ದೇನೋ ಬರುತ್ತಿತ್ತು, ಪರದೆಯ ಮೇಲೆ ಒಬ್ಬನೂ ಬೀಳುತ್ತಿರಲಿಲ್ಲ. ಹಿಡಿಕೆ ಬಿಚ್ಚಿ, ಹೊಸ ವೈರು ಬೆಸೆದು, ಕೊನೆಗೆ ಸ್ಪಿರಿಟ್ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ ಕೊಟ್ಟರೆ ಸರಿ. ಮುಂದಿನ ಅಮಾಸಿಗೆ ಮತ್ತೆ ಅದೇ.

"ಇದು ವೈರಿನ ಕೆಲಸ ಅಲ್ಲ ಬಿಡವಾ," ಮಾಮಾ ಪಿಸುಗುಟ್ಟಿದ. "ಎದುರಿನ ಎಸ್‌ಟಿಡಿ ಬೂತಿನಾಂವ ಮಾಟ ಮಾಡಿಸ್ಯಾನ."

"ಅವರ್ಯಾಕ ಮಾಡಸ್ತಾರ, ಮಾಮಾ?"

"ಪ್ರತಿ ಅಮಾಸಿ ನನ್ನ ನೋಡಿ ನಗತಾನ. ಸುಮ್ಮಸುಮ್ಮನ ಯಾರರ ನಗತಾರೇನು?"

ಕದರಮಂಡಲಗಿ ಹನುಮಪ್ಪನ ಗುಡಿಗೆ ಹೋಗಿಬಂದು, ಮುಂದಿನ ಅಮಾಸಿಗೆ ಅಂಗಡಿಯ ಮಾಮೂಲಿ ಪೂಜೆಯನ್ನೇ ದುಪ್ಪಟ್ಟು ಮಾಡಿದ. ಸಂಜೆಗೆ ಗನ್ನುಗಳು ಮತ್ತೆ ಸತ್ತಿದ್ದವು. ಈ ಸಲ ಮಾಮಾ ನನಗೆ ಅವನ್ನು ಮುಟ್ಟಗೊಡಲಿಲ್ಲ.

"ಹಾವೇರಿ ಗುಜರಿಯವಗ ಹೇಳೇನಿ. ಸೋಮವಾರ ಮಷೀನ್ ಒಯ್ತಾನ. ನೀನೂ ಮನ್ಯಾಗ ಕುಂದ್ರವಾ, ಸಾಕು."

ಬಾಯಿ ಬಿಡದೆ ಮಾಡಬಹುದಾದ ಕೆಲಸ ಇಡೀ ಊರಲ್ಲಿ ನನಗೆ ಸಿಕ್ಕಿದ್ದು ಅದೊಂದೇ. ಅದನ್ನು ಹೇಳಲೂ ಬಾಯಿ ಬರಲಿಲ್ಲ.

೩. ಬ್ಯಾಡಗಿಯ ಬೆರಳು

ಭಾನುವಾರ ಬ್ಯಾಡಗಿಯ ಮೆಣಸಿನಕಾಯಿ ದಲಾಲರೊಬ್ಬರು ಬಸ್ಸು ತಪ್ಪಿಸಿಕೊಂಡು ಒಳಗೆ ಬಂದರು. ಬೇಡವೆಂದರೂ ಕೆಂಪು ಗನ್ನು ಹಿಡಿದು ಹೊಡೆದೇ ಹೊಡೆದರು. ಯಾರೂ ಬೀಳಲಿಲ್ಲ.

"ಇದರಾಗ ಮೋಸ ಐತಿ."

ಚೀಲದ ಮೇಲಿನ ಕಾಯಿ ನಂಬದೆ ತಳಕ್ಕೆ ಕೈ ಹಾಕಿ ನೋಡುವ ಜನ ಅವರು. ಗನ್ನಿನ ನಳಿಗೆಯೊಳಗೂ ಬೆರಳು ಹಾಕಿದರು. ಬೆರಳು ಕೆಂಪಗಾಗಿ ಹೊರಬಂತು.

"ನೋಡ್ರಿ! ಮೆಣಸಿನಕಾಯಿ ಕೈಲೇ ಗನ್ನ ಕೆಡಿಸಿದ್ರಿ!" ಎಂದು ಮಾಮಾ ಹಾರಿಬಿದ್ದ.

ಅವರು ನಿಧಾನಕ್ಕೆ ಉಜ್ಜಿ, ಮೂಸಿ, ತುಸು ನಾಲಿಗೆಗೂ ಹಚ್ಚಿಕೊಂಡರು. "ನಮ್ಮ ಮಾಲಲ್ಲ ಸಾವ್ಕಾರ್ರ. ಖಾರ ಇಲ್ಲ, ಘಾಟ ಇಲ್ಲ. ಇದು ಕುಂಕುಮ."

ಈ ಗನ್ನಿನಿಂದ ಏನೂ ಹೊರಡುವುದಿಲ್ಲ. ನಳಿಗೆಯೊಳಗಿನ ಪುಟ್ಟ ಗಾಜಿಗೆ ಪರದೆಯ ಬೆಳಕು ಕಾಣಬೇಕು, ಅಷ್ಟೇ. ಅಮಾಸಿ ಪೂಜೆಯಲ್ಲಿ ಮಾಮಾ ಆ ಗಾಜಿಗೇ ಕುಂಕುಮ ಮೆತ್ತುತ್ತಿದ್ದ. ಇಷ್ಟು ದಿನ ಗನ್ನು ಸರಿಮಾಡಿದ್ದು ನನ್ನ ಬೆಸುಗೆ ಅಲ್ಲ, ಒರೆಸುವ ಬಟ್ಟೆ!

"ಅಲ್ಲೇ ಯಾಕ ಹಚ್ಚಿದಿ, ಮಾಮಾ?"

"ಆಯುಧ ಐತಿ. ಬಾಯಿಗೆ ಬಿಟ್ಟು ಬಾಲಕ್ಕ ಹಚ್ಚಲೇನು?"

೪. ಮುಂದಿನ ಅಮಾಸಿ

ಗುಜರಿಯವನು ಚಹಾ ಕುಡಿದು ಬರಿಗೈಲಿ ಹೋದ. ನಾನು ಉಳಿದೆ. ಎಸ್‌ಟಿಡಿ ಬೂತಿನವರು ಒಂದು ದಿನ ತಾವಾಗಿಯೇ ಹೇಳಿದರು: "ಕೂಸಿಗೆ ಔಷಧ ಹಾಕಿದಂಗ ನಿಮ್ಮ ಮಾಮಾ ಗನ್ನಿನ ಬಾಯಾಗ ಬೆರಳ ಇಡ್ತಾನವಾ. ನಗಬಾರದಂದ್ರೂ ಆಗಂಗಿಲ್ಲ."

ಅಮಾಸಿ ಬಂತು. ಗನ್ನು ಮುಟ್ಟುವುದಿಲ್ಲವೆಂದು ಮಾಮಾ ಮಾತು ಕೊಟ್ಟಿದ್ದ, ಮುಟ್ಟಲೂ ಇಲ್ಲ. ಹತ್ತಿರದ ಕೆಲಸಕ್ಕೆ ಎಂದಿನಂತೆ ಕನ್ನಡಕ ತೆಗೆದಿಟ್ಟು ನಾನೊಂದು ವೈರು ಬೆಸೆಯುತ್ತಿದ್ದೆ. ಮುಗಿಸಿ ಕನ್ನಡಕ ಹಾಕಿಕೊಂಡರೆ ಇಡೀ ಅಂಗಡಿಯೇ ಕೆಂಪು.

"ಮಾಮಾ!"

"ಗನ್ನಿಗೆ ಬ್ಯಾಡ ಅಂದಿ. ರಿಪೇರಿ ಮಾಡೋ ಕಣ್ಣಿಗರ ಬ್ಯಾಡೇನು?" ಎಂದವನು ಬಾಗಿಲಾಚೆ ಬೂತಿನತ್ತ ನೋಡಿ ತಟ್ಟನೆ ದನಿ ತಗ್ಗಿಸಿದ. "ನೋಡಲ್ಲೆ, ಮತ್ತ ನಗಾಕತ್ತಾನ. ಏನೋ ಮಾಡ್ಯಾನ ನೋಡು!"